ಚಳಿಗಾಲಕ್ಕೆ ಕಾರು ಒಳಗಿಡುವ ಮುನ್ನ

ಅಮೆರಿಕದ ಮಿಶಿಗನ್‌ನಲ್ಲಿ ನವೆಂಬರ್ ಬಂದರೆ ನನ್ನ ಹಳೇ ಕಾರು ಗ್ಯಾರೇಜ್ ಸೇರುತ್ತದೆ. ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ತಗಡನ್ನೇ ತಿಂದುಹಾಕುತ್ತದೆ, ಅಲ್ವಾ? ಮೊದಲು ಅಡಿಭಾಗವನ್ನೂ ಸೇರಿಸಿ ತೊಳೆದು ಒಣಗಿಸಿ. ಎಂಜಿನ್ ಆಯಿಲ್ ಬದಲಿಸಿ. ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಸ್ಟೆಬಿಲೈಸರ್ ದ್ರವ ಹಾಕಿ, ಸ್ವಲ್ಪ ಹೊತ್ತು ಓಡಿಸಿ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಅಂಟಿಕೊಳ್ಳುತ್ತದೆ. ಚಕ್ರಕ್ಕೆ ಮರದ ತುಂಡು ಕೊಡಿ. ಬ್ಯಾಟರಿಗೆ ನಿಧಾನವಾಗಿ ಚಾರ್ಜ್ ಮಾಡಿ, ತುಂಬಿದಾಗ ತಾನೇ ನಿಲ್ಲುವ ಟ್ರಿಕಲ್ ಚಾರ್ಜರ್ ಸಾಕು.

ಜಾಸ್ತಿ ಭಯ ಇಲಿಯದ್ದು. ಒಂದು ವರ್ಷ ಏರ್ ಫಿಲ್ಟರ್ ಡಬ್ಬಿ ತೆರೆದರೆ ಒಳಗೆ ಸೀಟಿನ ಸ್ಪಂಜು, ಒಣಹುಲ್ಲು ಸೇರಿಸಿ ಕಟ್ಟಿದ ಬೆಚ್ಚನೆಯ ಗೂಡು! ಆಮೇಲಿಂದ ಸೈಲೆನ್ಸರ್ ಬಾಯಿಗೂ ಗಾಳಿ ಎಳೆಯುವ ಕೊಳವೆಗೂ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕುತ್ತೇನೆ. ಏಪ್ರಿಲ್‌ನಲ್ಲಿ ಸ್ಟಾರ್ಟ್ ಮಾಡುವ ಮುಂಚೆ ಅದನ್ನು ತೆಗೆಯಲೇಬೇಕು. ಮರೆಯದಿರಲು ಸ್ಟೀರಿಂಗ್‌ಗೆ ಚೀಟಿ ಕಟ್ಟಿಡಿ. ನಡುವೆ ಸುಮ್ನೆ ಐದು ನಿಮಿಷ ಸ್ಟಾರ್ಟ್ ಮಾಡಬೇಡಿ, ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗೆ ನೀರಿನ ಪಸೆ ಉಳಿಯುತ್ತದೆ.