ಕೆರೆಯ ಕೆಸರು, ಒಂದು ಬಾಟಲಿ ಮತ್ತು ಆಮ್ಲಜನಕವಿಲ್ಲದ ಭೂಮಿ

ವಿಜ್ಞಾನ ವಸ್ತುಪ್ರದರ್ಶನ ಹತ್ತಿರವಾದರೆ ಕೋಲಾರದ ಸ್ಟೇಷನರಿ ಅಂಗಡಿಗಳಲ್ಲಿ ಥರ್ಮೋಕೋಲಿಗೆ ಬೇಡಿಕೆ ಬರುತ್ತದೆ. ‘ಜೀವದ ಉಗಮ’ ಎಂಬ ವಿಷಯ ಸಿಕ್ಕ ಮಕ್ಕಳು ಮಾಡಿ ತರುವುದು ಎರಡೇ ಬಗೆ: ಅಡುಗೆ ಸೋಡಾ ಉಕ್ಕಿಸುವ ಜ್ವಾಲಾಮುಖಿ, ಇಲ್ಲವೇ ಮಿಲ್ಲರ್ ಪ್ರಯೋಗದ ಬಣ್ಣ ಬಳಿದ ಮಾದರಿ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಎರಡನ್ನೂ ನೋಡಿ ನೋಡಿ ಸಾಕಾಗಿದೆ. ನನ್ನ ವಿದ್ಯಾರ್ಥಿಗಳಿಂದ ನಾನು ಮಾಡಿಸುವುದು ಕೆಸರಿನ ಬಾಟಲಿ. ಖರ್ಚು ಇಲ್ಲವೆಂದೇ ಹೇಳಬೇಕು. ಆದರೆ ಪ್ರದರ್ಶನಕ್ಕೆ ಎರಡು ತಿಂಗಳು ಮುಂಚೆಯೇ ಶುರು ಮಾಡಬೇಕು. ಹಿಂದಿನ ವಾರ ನೆನಪಾದವರು ಜ್ವಾಲಾಮುಖಿಗೇ ಹೋಗಲಿ.

ಮಿಲ್ಲರ್ ಪ್ರಯೋಗವನ್ನು ನಿಜವಾಗಿ ಮಾಡಿ ತೋರಿಸೋಣ ಎಂದು ಪ್ರತಿ ವರ್ಷ ಒಬ್ಬ ಉತ್ಸಾಹಿ ಹುಡುಗ ಕೇಳುತ್ತಾನೆ. ಬೇಡ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಹೆರಾಲ್ಡ್ ಯೂರಿಯವರ ಶಿಷ್ಯ ಸ್ಟಾನ್ಲಿ ಮಿಲ್ಲರ್ ಮೀಥೇನ್, ಅಮೋನಿಯಾ, ಹೈಡ್ರೋಜನ್ ಮತ್ತು ನೀರಾವಿಯ ನಡುವೆ ವಿದ್ಯುತ್ ಕಿಡಿ ಹಾಯಿಸಿ, ಪ್ರೋಟೀನುಗಳ ಮೂಲ ಘಟಕಗಳಾದ ಗ್ಲೈಸೀನ್‌ನಂಥ ಅಮೈನೋ ಆಮ್ಲಗಳು ತಾವಾಗಿಯೇ ಉಂಟಾಗುವುದನ್ನು 1953ರಲ್ಲಿ ಪ್ರಕಟಿಸಿದರು. ಹೈಡ್ರೋಜನ್, ಮೀಥೇನ್ ತುಂಬಿದ ಗಾಜಿನೊಳಗೆ ಸ್ವಲ್ಪ ಗಾಳಿ ಸೇರಿಕೊಂಡು ಕಿಡಿ ಹಾರಿದರೆ ಅದು ಸ್ಫೋಟ. ಅಲ್ಲದೆ ಆದಿಭೂಮಿಯ ಗಾಳಿಯಲ್ಲಿ ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕವೇ ಇದ್ದಿರಬೇಕೆಂಬ ಅಭಿಪ್ರಾಯ ಆಮೇಲೆ ವಿಜ್ಞಾನಿಗಳಲ್ಲಿ ಬಲವಾಯಿತು. ಮಿಲ್ಲರ್ ಅವರ ಕೆಲಸದ ಬೆಲೆ ಅದರಿಂದ ಕಡಿಮೆಯಾಗಲಿಲ್ಲ. ಆದರೆ ಶಾಲೆಯ ಮೇಜಿಗೆ ಅದು ತಕ್ಕದ್ದಲ್ಲ.

ನಮ್ಮ ಬಾಟಲಿಯ ಮೂಲಪುರುಷ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೇಯ್ ವಿನೋಗ್ರಾಡ್‌ಸ್ಕಿ. ಅವರು ತೀರಿಕೊಂಡದ್ದೂ 1953ರಲ್ಲೇ. ಗಂಧಕದ ಸಂಯುಕ್ತಗಳಿಂದ ಶಕ್ತಿ ಪಡೆದು ಬದುಕುವ ಬ್ಯಾಕ್ಟೀರಿಯಗಳನ್ನು 1880ರ ದಶಕದಲ್ಲಿ ಅಧ್ಯಯನ ಮಾಡಿದವರು ಅವರು. ಈ ಬಾಟಲಿ ಜೀವ ಹುಟ್ಟಿದ ಗಳಿಗೆಯನ್ನು ತೋರಿಸುವುದಿಲ್ಲ, ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಇದು ತೋರಿಸುವುದು ಆಮೇಲಿನ ದೀರ್ಘಕಾಲವನ್ನು: ಜೀವ ಇತ್ತು, ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ. ಭೂಮಿಗೆ ಸುಮಾರು 454 ಕೋಟಿ ವರ್ಷ. ಗಾಳಿಯಲ್ಲಿ ಆಮ್ಲಜನಕ ನೆಲೆಗೊಳ್ಳತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಕೆ.ಜಿ.ಎಫ್. ಸುತ್ತಲಿನ ಶಿಲೆಗಳ ವಯಸ್ಸು ಸುಮಾರು 270 ಕೋಟಿ. ಅಲ್ಲೇ ಪೆದ್ದಪಲ್ಲಿಯ ಬಳಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿರುವ ಜ್ವಾಲಾಮುಖಿ ಶಿಲೆಗಳನ್ನು ಮಕ್ಕಳಿಗೆ ತೋರಿಸಿ ಈ ಲೆಕ್ಕ ಮಾಡಿಸಿ: ಆ ಲಾವಾ ಹರಿದಾಗ ಇಲ್ಲಿ ಉಸಿರಾಡುವಂಥ ಗಾಳಿಯೇ ಇರಲಿಲ್ಲ. ಸುತ್ತಿಗೆ ಮಾತ್ರ ಒಯ್ಯಬೇಡಿ, ಸ್ಮಾರಕದ ಕಲ್ಲನ್ನು ಒಡೆಯುವಂತಿಲ್ಲ.

ಇನ್ನು ಕೆಲಸ. ಕೆಸರಿಗಾಗಿ ಕೆರೆಯ ನಡುವೆ ಇಳಿಯಬೇಕಾಗಿಲ್ಲ, ಇಳಿಯಲೂ ಬಾರದು. ಜೊಂಡು ಬೆಳೆದಿರುವ ದಡದಲ್ಲಿ, ಮೇಲಿನ ಕಂದು ಪದರವನ್ನು ಸರಿಸಿ ಕೈಯಗಲ ಆಳದಿಂದ ಕಪ್ಪು ಗೋಡನ್ನು ತೆಗೆಯಿರಿ. ಕೊಳೆತ ಮೊಟ್ಟೆಯ ನಾತ ಬಂದರೆ ಸರಿಯಾದ ಜಾಗ ಸಿಕ್ಕಿತೆಂದು ತಿಳಿಯಿರಿ. ಅರ್ಧ ಬಕೆಟ್ ಸಾಕು, ಜೊತೆಗೆ ಅದೇ ಕೆರೆಯ ಎರಡು ಲೀಟರ್ ನೀರು. 2018ರಿಂದ ನಮ್ಮ ಕಡೆಯ ಹಲವು ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಅಂಥ ಕೆರೆಯ ಗೋಡೂ ಆಗುತ್ತದೆ, ಮಳೆನೀರಿನ ಕೆರೆಯದ್ದೂ ಆಗುತ್ತದೆ. ಎರಡರಿಂದಲೂ ಒಂದೊಂದು ಬಾಟಲಿ ಮಾಡಿ ಹೋಲಿಸಿದರೆ ಇನ್ನೂ ಒಳ್ಳೆಯದು. ಯಾವ ಕೆರೆಯದ್ದಾದರೂ ಕೈಗವಸು ಹಾಕಿಸಿ, ಆಮೇಲೆ ಸೋಪಿನಿಂದ ಕೈ ತೊಳೆಸಿ. ಗಾಯವಿರುವ ಕೈಯವರು ಟಿಪ್ಪಣಿ ಬರೆದುಕೊಳ್ಳಲಿ.

ಕಲ್ಲು, ಕಡ್ಡಿ, ಬಸವನಹುಳು ಆರಿಸಿ ತೆಗೆದು, ನೀರು ಸೇರಿಸಿ, ಗೋಡನ್ನು ದೋಸೆ ಹಿಟ್ಟಿನ ಹದಕ್ಕೆ ತನ್ನಿ. ಅದರಲ್ಲಿ ಮೂರನೇ ಒಂದು ಭಾಗವನ್ನು ಬೇರೆ ಪಾತ್ರೆಗೆ ತೆಗೆದುಕೊಂಡು ಮೂರು ವಸ್ತು ಬೆರೆಸಬೇಕು. ಸಣ್ಣಗೆ ಹರಿದ ಹಳೆಯ ದಿನಪತ್ರಿಕೆಯ ಒಂದು ಹಾಳೆ: ಇದು ಇಂಗಾಲದ ಆಹಾರ. ಪುಡಿ ಮಾಡಿದ ಮೊಟ್ಟೆಯ ಚಿಪ್ಪು: ಇದು ಕಾರ್ಬೊನೇಟ್. ಬಿಸಿಯೂಟದ ಅಡುಗೆಮನೆಯಲ್ಲಿ ಮೊಟ್ಟೆ ಕೊಡುವ ದಿನ ಕೇಳಿದರೆ ಚೀಲದ ತುಂಬ ಸಿಗುತ್ತದೆ. ಮೂರನೆಯದು ಗಂಧಕ: ಒಂದು ಬೇಯಿಸಿದ ಮೊಟ್ಟೆಯ ಹಳದಿ, ಜೊತೆಗೆ ಒಂದು ಚಮಚ ಜಿಪ್ಸಂ. ಕಡಲೆಕಾಯಿ ಬೆಳೆಯುವ ಮನೆಗಳಲ್ಲಿ ಜಿಪ್ಸಂ ಇದ್ದೇ ಇರುತ್ತದೆ. ಮೊಟ್ಟೆ ಮುಟ್ಟದ ಮಕ್ಕಳಿದ್ದರೆ ಹಳದಿಯನ್ನು ಬಿಟ್ಟು ಜಿಪ್ಸಂ ಒಂದನ್ನೇ ಹಾಕಿ. ಬಣ್ಣ ತಡವಾಗಿ ಬರಬಹುದು, ಅಷ್ಟೇ.

ಎರಡು ಲೀಟರಿನ ಪಾರದರ್ಶಕ ಬಾಟಲಿಯ ಕತ್ತು ಕತ್ತರಿಸಿ. ಬೆರೆಸಿದ ಗೋಡನ್ನು ಅಡಿಗೆ ಹಾಕಿ, ಅದರ ಮೇಲೆ ಬೆರೆಸದ ಗೋಡನ್ನು ಮುಕ್ಕಾಲು ಮಟ್ಟದವರೆಗೆ ತುಂಬಿ. ಪ್ರತಿ ಹಂತದಲ್ಲೂ ಬಾಟಲಿಯನ್ನು ಮೇಜಿಗೆ ಮೆಲ್ಲಗೆ ಕುಟ್ಟಿ, ಕಡ್ಡಿಯಿಂದ ಚುಚ್ಚಿ ಗಾಳಿಗುಳ್ಳೆಗಳನ್ನು ಹೊರಡಿಸಿ. ಆತುರದ ಮಕ್ಕಳು ಬಿಟ್ಟುಬಿಡುವ ಕೆಲಸ ಇದೇ, ಪ್ರಯೋಗ ನಿಂತಿರುವುದೂ ಇದರ ಮೇಲೆಯೇ. ಗುಳ್ಳೆಯಿರುವ ಕಡೆ ಆಮ್ಲಜನಕ ಇರುತ್ತದೆ. ಮೇಲೆ ಎರಡು ಬೆರಳಿನಷ್ಟು ಕೆರೆ ನೀರು, ಅದರ ಮೇಲೆ ಸ್ವಲ್ಪ ಖಾಲಿ ಜಾಗ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಸೂಜಿಯಿಂದ ಒಂದು ತೂತು ಮಾಡಿ. ಬಿಗಿಯಾಗಿ ಮುಚ್ಚಬೇಡಿ, ಒಳಗೆ ಅನಿಲ ಉಂಟಾಗುತ್ತದೆ. ಬೆಳಕು ಬೀಳುವ, ಆದರೆ ಸುಡುಬಿಸಿಲು ತಾಗದ ಕಿಟಕಿಯಲ್ಲಿ ಇಟ್ಟು, ಕಿಟಕಿಯ ಕಡೆಗಿರುವ ಮುಖಕ್ಕೆ ಗುರುತು ಹಾಕಿ. ತಿರುಗಿಸಬೇಡಿ. ಇನ್ನೊಂದು ಬಾಟಲಿಯನ್ನು ಇದೇ ರೀತಿ ಮಾಡಿ, ಕಪ್ಪು ಕಾಗದ ಸುತ್ತಿ ಪಕ್ಕದಲ್ಲಿಡಿ. ಆ ಎರಡನೆಯದಿಲ್ಲದೆ ಪ್ರದರ್ಶನಕ್ಕೆ ಹೋಗಬೇಡಿ. ಬಣ್ಣಕ್ಕೆ ಕಾರಣ ಬೆಳಕು ಎಂದು ತೋರಿಸುವುದು ಅದೇ.

ಮೊದಲ ವಾರಗಳಲ್ಲಿ ಅಡಿಭಾಗ ಇನ್ನಷ್ಟು ಕಪ್ಪಾಗುತ್ತದೆ, ನಾತವೂ ಬರುತ್ತದೆ. ನಮ್ಮ ಮುಖ್ಯ ಶಿಕ್ಷಕರು ಮೂಗು ಮುಚ್ಚಿಕೊಂಡು ಬಂದು ‘ಇದು ಪ್ರಯೋಗವೋ, ಚರಂಡಿಯೋ’ ಎಂದು ಕೇಳುವುದು ಈ ಹೊತ್ತಿನಲ್ಲೇ. ಜಿಪ್ಸಂನಲ್ಲಿರುವ ಸಲ್ಫೇಟನ್ನು ನಾತ ಬೀರುವ ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಬದಲಿಸುವ ಬ್ಯಾಕ್ಟೀರಿಯಗಳು ಕೆಲಸ ಶುರು ಮಾಡಿವೆ ಎಂದರ್ಥ. ಆ ಅನಿಲ ಕೆಸರಿನ ಕಬ್ಬಿಣದ ಜೊತೆ ಸೇರಿ ಕಪ್ಪು ಬರುತ್ತದೆ. ಆಮೇಲೆ ಮೇಲಿನ ನೀರು ಹಸಿರಾಗುತ್ತದೆ. ನಾಲ್ಕಾರು ವಾರ ಕಳೆದ ಮೇಲೆ, ಬೆಳಕಿನ ಮುಖದಲ್ಲಿ ನೇರಳೆ ಮತ್ತು ಕೆಂಗಂದು ಕಲೆಗಳು ಏಳುತ್ತವೆ. ನೇರಳೆಯ ಕೆಳಗೆ ಕೆಲವೊಮ್ಮೆ ಮಂಕು ಹಸಿರಿನ ಪಟ್ಟಿ. ಈ ನೇರಳೆ ಮತ್ತು ಮಂಕು ಹಸಿರು ಗಂಧಕ ಬ್ಯಾಕ್ಟೀರಿಯಗಳಿಗಾಗಿಯೇ ಇಷ್ಟೆಲ್ಲ ಕಾದದ್ದು. ಇವೂ ಬೆಳಕಿನಿಂದಲೇ ಆಹಾರ ತಯಾರಿಸುತ್ತವೆ, ಆದರೆ ನೀರನ್ನು ಒಡೆಯುವ ಬದಲು ಹೈಡ್ರೋಜನ್ ಸಲ್ಫೈಡನ್ನು ಬಳಸುತ್ತವೆ. ಹಾಗಾಗಿ ಇವು ಹೊರಬಿಡುವುದು ಆಮ್ಲಜನಕವನ್ನಲ್ಲ, ಗಂಧಕವನ್ನು. ಪಠ್ಯಪುಸ್ತಕದ ದ್ಯುತಿಸಂಶ್ಲೇಷಣೆಯ ಸಮೀಕರಣವೊಂದನ್ನೇ ಬಾಯಿಪಾಠ ಮಾಡಿದ ಮಕ್ಕಳು ಇಲ್ಲಿ ಕಣ್ಣರಳಿಸುತ್ತಾರೆ. ಪ್ರತಿ ಶನಿವಾರ ಬಾಟಲಿಯ ಪಕ್ಕ ಅಳತೆಪಟ್ಟಿ ಇಟ್ಟು ಮೊಬೈಲಿನಲ್ಲಿ ಚಿತ್ರ ತೆಗೆಸಿ.

ತೀರ್ಪುಗಾರರ ಮುಂದೆ ಮಕ್ಕಳು ಒಂದು ತಪ್ಪು ಹೇಳುವ ಸಾಧ್ಯತೆ ಹೆಚ್ಚು: ‘ಕೆಳಗಿನದು ಹಳೆಯ ಕಾಲ, ಮೇಲಿನದು ಹೊಸ ಕಾಲ.’ ಬಂಡೆಯ ಪದರಗಳಿಗೆ ಒಪ್ಪುವ ಈ ಮಾತು ಬಾಟಲಿಗೆ ಒಪ್ಪುವುದಿಲ್ಲ. ಇಲ್ಲಿರುವ ಎಲ್ಲವೂ ಇಂದಿನ ಜೀವಿಗಳೇ. ಪದರಗಳಾದದ್ದು ಮೇಲಿಂದ ಆಮ್ಲಜನಕ, ಕೆಳಗಿಂದ ಸಲ್ಫೈಡ್ ಬರುವುದರಿಂದ. ಯಾರಿಗೆ ಯಾವುದು ಬೇಕೋ, ಯಾವುದು ವಿಷವೋ, ಅದರಂತೆ ಅವರವರು ಜಾಗ ಹಿಡಿದಿದ್ದಾರೆ. ಹಳೆಯದಾಗಿರುವುದು ಅವುಗಳ ಬದುಕಿನ ರಸಾಯನ ಕ್ರಮ. ಆಮ್ಲಜನಕ ಬಂದ ಮೇಲೆ ಅವು ನಾಶವಾಗದೆ ಕೆಸರಿನ ಆಳಕ್ಕೆ ಸರಿದವು. ‘ಹಾಗಾದರೆ ಗಾಳಿಗೆ ಆಮ್ಲಜನಕ ಬಿಟ್ಟವರು ಯಾರು?’ ಎಂದು ತೀರ್ಪುಗಾರರು ಕೇಳಿದರೆ, ಮೇಲಿನ ಹಸಿರು ನೀರನ್ನು ತೋರಿಸಬೇಕು: ಸಯನೋಬ್ಯಾಕ್ಟೀರಿಯ. ಅವುಗಳ ಪೂರ್ವಜರದ್ದೇ ಆ ಕೆಲಸ.

ಪ್ರದರ್ಶನ ಮುಗಿದ ಮೇಲೆ ಬಾಟಲಿಯನ್ನು ಎಸೆಯಬೇಡಿ. ಆವಿಯಾದಷ್ಟು ನೀರನ್ನು ಆಗಾಗ ತುಂಬಿದರೆ ಮುಂದಿನ ತರಗತಿಗೂ ಆಗುತ್ತದೆ. ಬೇಡವೆನಿಸಿದರೆ ತರಗತಿಯೊಳಗೆ ಬಿಚ್ಚದೆ ಬಯಲಿಗೆ ಒಯ್ದು, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ, ಕೈತೋಟದ ಮೂಲೆಯಲ್ಲಿ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿ. ಬಾವಿ, ಕೊಳವೆಬಾವಿಗಳ ಹತ್ತಿರ ಮಾತ್ರ ಬೇಡ.