ಪುಲಕೇಶಿ ನನಗೆ ಚೀನೀ ಪುಟದಲ್ಲಿ ಸಿಕ್ಕ ಬಗೆ

ಚೀನೀ ಕಲಿಯಲು ಶಾಂತಿನಿಕೇತನಕ್ಕೆ ಹೊರಟಾಗ ಗುಳೇದಗುಡ್ಡದಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: "ಅದನ್ನು ಕಲಿತು ಏನು ಮಾಡುತ್ತೀಯಪ್ಪಾ?" ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಓದು ಮುಗಿದ ಮೇಲೆ ಮೂರು ವರ್ಷ ಪೀಣ್ಯದಲ್ಲಿ ಚೀನಾದ ಯಂತ್ರಗಳ ಕೈಪಿಡಿ ಅನುವಾದಿಸಿಯೇ ಹೊಟ್ಟೆ ಹೊರೆದೆ. ಪಾಠ ಹೇಳುವ ಕೆಲಸ ಸಿಕ್ಕಿದ್ದು ಆಮೇಲೆ.

ತಾನ್ ಯುನ್‌ಶಾನ್ ಮತ್ತು ರವೀಂದ್ರನಾಥ ಠಾಕೂರರು 1937ರಲ್ಲಿ ಕಟ್ಟಿದ ಚೀನಾ ಭವನದಲ್ಲಿ ನನ್ನನ್ನು ಹಣ್ಣು ಮಾಡಿದ್ದು ಹಳೆಯ ಚೀನೀ. ಪದಗಳ ನಡುವೆ ಜಾಗವಿಲ್ಲ, ಪೂರ್ಣವಿರಾಮವಿಲ್ಲ. ಶಾಸನ ಓದುವವರಿಗೆ ಈ ಪಾಡು ಗೊತ್ತು. ನಿಘಂಟಿನಲ್ಲಿ ಅಕ್ಷರ ಹುಡುಕಬೇಕಾದರೆ 214 ಮೂಲರೂಪಗಳಲ್ಲಿ ಅದು ಯಾವುದರ ಮನೆಯದು ಎಂದು ಗುರುತಿಸಿ, ಉಳಿದ ಗೀಟುಗಳನ್ನು ಎಣಿಸಬೇಕು. ಒಂದು ಗೀಟು ತಪ್ಪಿದರೆ ಅರ್ಧ ಗಂಟೆ ಹೋಯಿತು.

ಏಳನೆಯ ಶತಮಾನದಲ್ಲಿ ಭಾರತ ಸುತ್ತಿದ ಚೀನೀ ಬೌದ್ಧ ಭಿಕ್ಷು ಹ್ಯೂಯೆನ್‌ತ್ಸಾಂಗನ ಪ್ರವಾಸ ವೃತ್ತಾಂತವನ್ನು ಅನುವಾದ ಮುಟ್ಟದೆ ಓದಬೇಕೆಂಬುದು ನಮ್ಮ ಮೇಷ್ಟ್ರ ಕಟ್ಟಳೆ. 646ರಲ್ಲಿ ಮುಗಿದ ಪುಸ್ತಕ. ಒಂದು ಕಡೆ ದೇಶದ ಹೆಸರು ಮಹಾರಾಷ್ಟ್ರ ಎಂದಿತ್ತು. ಅದರ ಕ್ಷತ್ರಿಯ ರಾಜನ ಹೆಸರು ನಾಲ್ಕು ಅಕ್ಷರಗಳಲ್ಲಿ. ನನ್ನ ಬಾಯಿಗೆ ಬಂದದ್ದು 'ಪು-ಲುವೊ-ಚಿ-ಷ'. ಯಾವನೋ ಗೊತ್ತಿಲ್ಲದ ಅರಸ ಎಂದು ಪುಟ ತಿರುವುತ್ತಿದ್ದೆ.

ಮೇಷ್ಟ್ರು ತಡೆದರು. "ತಾಂಗ್ ಕಾಲದ ಹೆಸರನ್ನು ಇಂದಿನ ಬೀಜಿಂಗಿನ ಬಾಯಲ್ಲಿ ಓದಿದರೆ ಹೇಗಪ್ಪಾ? ಮೂರನೆಯ ಅಕ್ಷರ ಆಗ ಕಕಾರದಿಂದ ಶುರುವಾಗುತ್ತಿತ್ತು. ಕ್ಯಾಂಟನೀಸಿನಲ್ಲಿ ಈಗಲೂ 'ಕೈ' ಎನ್ನುತ್ತಾರೆ. ಎರಡನೆಯದು 'ಲ'."

ಪು-ಲ-ಕೆ-ಶ.

ನಾಚಿಕೆಯಾಯಿತು. ಬಾದಾಮಿ ನಮ್ಮೂರಿನ ನೆರೆಯಲ್ಲೇ ಇದೆ. ಶಾಲೆಯ ಪ್ರವಾಸವೆಂದರೆ ಅಲ್ಲಿಗೇ. ಆ ಮನೆಯ ದೊರೆಯನ್ನು ನಾನು ಬಂಗಾಳದಲ್ಲಿ, ಅದೂ ಇನ್ನೊಬ್ಬರು ಹೇಳಿದ ಮೇಲೆ ಗುರುತಿಸಿದೆ.

ಮುಂದಿನ ಇಪ್ಪತ್ತು ವರ್ಷ ಆ ಒಂದೆರಡು ಪುಟಗಳ ಸುತ್ತಲೇ ಕಳೆದವು. ಯುದ್ಧಕ್ಕೆ ಮೊದಲು ಸೈನಿಕರಷ್ಟೇ ಅಲ್ಲ, ನೂರಾರು ಆನೆಗಳೂ ಹೆಂಡ ಕುಡಿಯುತ್ತಿದ್ದವಂತೆ. ಸೋತು ಬಂದ ದಂಡನಾಯಕನಿಗೆ ಶಿಕ್ಷೆಯಿಲ್ಲ, ಹೆಂಗಸರ ಉಡುಗೆ ಕೊಡುತ್ತಿದ್ದರಂತೆ. ಅವನು ಅವಮಾನ ತಾಳದೆ ಸಾಯುತ್ತಿದ್ದ. ಎಲ್ಲ ದಿಕ್ಕುಗಳನ್ನೂ ಗೆದ್ದ ಹರ್ಷನಿಗೆ ಈ ನಾಡಿನವರು ಮಾತ್ರ ತಲೆಬಾಗಲಿಲ್ಲ ಎಂದೂ ಬರೆದಿದ್ದಾನೆ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯೂ ಹರ್ಷನ ಸೋಲನ್ನೇ ಹಾಡುತ್ತಾನೆ. ಆದರೆ ಆಸ್ಥಾನದ ಕವಿ ತನ್ನ ದೊರೆಯನ್ನು ಹೊಗಳದೆ ಇನ್ನೇನು ಮಾಡಿಯಾನು? ನನಗೆ ಭಿಕ್ಷುವಿನ ಸಾಕ್ಷಿಯೇ ತೂಕದ್ದು: ಅವನು ಹರ್ಷನ ಆದರ ಉಂಡವನು.

ಈಗ ಮೇಜಿನ ಮೇಲಿರುವುದು ಅದೇ ಪುಸ್ತಕದ ಇನ್ನೊಂದು ಪುಟ, ಕೊಂಕಣಪುರದ್ದು. ಊರಿನ ಉತ್ತರಕ್ಕೆ ತಾಳೆಯ ಕಾಡು, ಸುತ್ತಳತೆ ಮೂವತ್ತು 'ಲೀ'ಗೂ (ಚೀನೀಯರ ದೂರದ ಅಳತೆ) ಹೆಚ್ಚು. ಗರಿ ಉದ್ದ, ಅಗಲ, ಹೊಳಪು. ಬರೆಯಲು ಎಲ್ಲ ದೇಶದವರೂ ಅದನ್ನೇ ಒಯ್ಯುತ್ತಾರೆ. ಆ ಊರು ಆನೆಗೊಂದಿ ಎಂದವರಿದ್ದಾರೆ, ಬನವಾಸಿ ಎಂದವರೂ ಇದ್ದಾರೆ. ಹೋದ ತಿಂಗಳು ಬನವಾಸಿಯಲ್ಲಿ ಎರಡು ದಿನ ಉತ್ತರ ದಿಕ್ಕಿಗೆ ನಡೆದು ಬಂದೆ. ಸಿಕ್ಕಿದ್ದೆಲ್ಲ ಅಡಿಕೆ ತೋಟ.