ಗಾಜಿನೊಳಗೆ ಓಡುವ ಅಲ್ಟ್ರಾಸೌಂಡನ್ನು ಕಣ್ಣಾರೆ ನೋಡುವುದು ಹೇಗೆ?

ಮಂಗಳೂರಿನ ಬೈಕಂಪಾಡಿಯ ಶೆಡ್‌ಗಳಲ್ಲಿ ವೆಲ್ಡ್ ಚೆಕ್ ಮಾಡುವವರಿಗೆ ಅಲ್ಟ್ರಾಸೌಂಡ್ ಅಂದರೆ ಸ್ಕ್ರೀನ್ ಮೇಲೆ ಏಳುವ ಒಂದು ಗೆರೆ, ಅಷ್ಟೇ. ಅಲೆ ಒಳಗೆ ಎಲ್ಲಿ ತಿರುಗಿತು, ಎಲ್ಲಿ ಎರಡಾಯಿತು ಅಂತ ಉಕ್ಕು ತೋರಿಸುವುದಿಲ್ಲ. ಗಾಜು ತೋರಿಸುತ್ತದೆ. ಲಾಂಗಿಟ್ಯೂಡಿನಲ್ ಅಲೆ (ಓಡುವ ದಿಕ್ಕಿನಲ್ಲೇ ಹಿಂದೆಮುಂದೆ ಅಲುಗುವ ಅಲೆ) ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 5,900 ಮೀಟರ್ ಓಡಿದರೆ ಗಾಜಿನಲ್ಲೂ 5,700ರ ಆಸುಪಾಸು, ಹಾಗಾಗಿ ಸುರತ್ಕಲ್ಲಿನಲ್ಲೋ ಮಣಿಪಾಲದಲ್ಲೋ ಪ್ರಾಜೆಕ್ಟ್ ಹುಡುಕುತ್ತಿರುವವರು ಇದನ್ನು ಧೈರ್ಯವಾಗಿ ಹಿಡಿಯಬಹುದು.

ಒತ್ತಡ ಬಿದ್ದ ಗಾಜು ಪೋಲರೈಸ್ ಆದ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ, ಬೆಳಕನ್ನು ಬದಲಿಸುತ್ತದೆ. ಡೇವಿಡ್ ಬ್ರೂಸ್ಟರ್ ಇದನ್ನು 1815ರ ಸುಮಾರಿಗೇ ಕಂಡುಕೊಂಡಿದ್ದ. ಅಲೆಯೂ ಓಡುವ ಒತ್ತಡವೇ ಅಲ್ವಾ? ಎಲ್‌ಇಡಿ, ಲೆನ್ಸ್, ಪೋಲರೈಸರ್, ಗಾಜು, ಅಡ್ಡ ತಿರುಗಿಸಿದ ಇನ್ನೊಂದು ಪೋಲರೈಸರ್, ಕ್ಯಾಮೆರಾ, ಎಲ್ಲ ಒಂದೇ ಸಾಲಿನಲ್ಲಿರಲಿ. ಒತ್ತಡ ಇಲ್ಲದ ಕಡೆ ಕತ್ತಲು, ಇದ್ದ ಕಡೆ ಬೆಳಕು. ಪೋಲರೈಸರ್ ಹಾಳೆ ಹಳೇ ಎಲ್‌ಸಿಡಿ ಮಾನಿಟರ್‌ನಿಂದಲೂ ಸಿಗುತ್ತದೆ, ರಿಪೇರಿ ಅಂಗಡಿಯಲ್ಲಿ ಕೇಳಿ. ಗಾಜು ದಪ್ಪಗಿದ್ದಷ್ಟೂ ಚಿತ್ರ ಗಟ್ಟಿ. ಆದರೆ ಟಫನ್ಡ್ ಗಾಜು ಮಾತ್ರ ಬೇಡವೇ ಬೇಡ, ಅದರಲ್ಲಿ ಮೊದಲೇ ಒತ್ತಡ ತುಂಬಿರುತ್ತದೆ. ಪ್ರೋಬ್ (ಅಲೆ ಹೊರಡಿಸುವ ತುಂಡು) ಕೂರುವ ಅಂಚನ್ನು ಸಪಾಟಾಗಿ ಉಜ್ಜಿಸಿ, ಸ್ಕ್ಯಾನಿಂಗ್ ಜೆಲ್ ಹಚ್ಚಿ. ಶಿಯರ್ ಅಲೆ, ಅಂದರೆ ಓಡುವ ದಿಕ್ಕಿಗೆ ಅಡ್ಡಕ್ಕೆ ಅಲುಗುವ ಅಲೆ, ಹೊರಡಿಸುವ ಪ್ರೋಬ್ ಆದರೆ ಜೆಲ್ ಸಾಲದು, ದಪ್ಪ ಜೇನುತುಪ್ಪ ಬೇಕು (ಇರುವೆ ಬರುತ್ತದೆ, ಆಮೇಲೆ ಒರೆಸಿ).

ದುಬಾರಿ ಹೈಸ್ಪೀಡ್ ಕ್ಯಾಮೆರಾ ಬೇಕಾಗಿಲ್ಲ. ವೇಗ ಇರಬೇಕಾದ್ದು ಬೆಳಕಿಗೆ. ಪ್ರೋಬ್‌ಗೆ ವಿದ್ಯುತ್ ಪಲ್ಸ್ ಕೊಟ್ಟು ಅಲೆ ಹೊರಡಿಸುವ ಪೆಟ್ಟಿಗೆಯಾದ ಪಲ್ಸರ್‌ನ ಸಿಂಕ್ ಸಿಗ್ನಲ್ (ಪಲ್ಸ್ ಹೊರಟ ಗಳಿಗೆಯ ಸೂಚನೆ) ತೆಗೆದುಕೊಂಡು, ಪ್ರತಿ ಪಲ್ಸ್ ಆದಮೇಲೆ ಅಷ್ಟೇ ಡಿಲೇ ಕೊಟ್ಟು ಎಲ್‌ಇಡಿ ಮಿನುಗಿಸಿದರೆ ಅಲೆ ಪ್ರತಿ ಸಲವೂ ಅದೇ ಜಾಗದಲ್ಲಿ ಸಿಗುತ್ತದೆ, ಕತ್ತಲೆ ಕೋಣೆಯಲ್ಲಿ ಒಂದು ಸೆಕೆಂಡ್ ಶಟರ್ ತೆರೆದಿಟ್ಟರೆ ನೂರಾರು ಮಸುಕು ಚಿತ್ರಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. 2 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಹೆಚ್ಚುಕಡಿಮೆ 2.8 ಮಿ.ಮೀ. ಬೆಳಕು 50 ನ್ಯಾನೊಸೆಕೆಂಡ್ ಮಿನುಗಿದರೆ ಅಷ್ಟರಲ್ಲಿ ಅಲೆ 0.3 ಮಿ.ಮೀ. ಕೂಡ ಸರಿಯುವುದಿಲ್ಲ. ಬಿಳಿ ಎಲ್‌ಇಡಿ ಹಾಕಬೇಡಿ, ಅದರ ಫಾಸ್ಫರ್ (ಬೆಳಕನ್ನು ಬಿಳಿಯಾಗಿಸುವ ಲೇಪ) ಆರಲು ತಡಮಾಡುತ್ತದೆ. ನೀಲಿ ಒಳ್ಳೆಯದು. ಪಲ್ಸರ್‌ನಲ್ಲಿ ನೂರಾರು ವೋಲ್ಟ್ ಇರುತ್ತದೆ, ಸುಮ್ನೆ ಮುಟ್ಟಲು ಹೋಗಬೇಡಿ.

ಇನ್ನು ಕೋನ. ನನಗೆ ಜಾಸ್ತಿ ಇಷ್ಟವಾದ ಭಾಗ ಇದೇ. ಅಲೆ ಓಡುವ ದಿಕ್ಕಿಗೆ ಪೋಲರೈಸರ್‌ಗಳನ್ನು 45 ಡಿಗ್ರಿ ಇಟ್ಟರೆ ಲಾಂಗಿಟ್ಯೂಡಿನಲ್ ಅಲೆ ಬೆಳಗುತ್ತದೆ, ಶಿಯರ್ ಮಾಯ. ಎರಡನ್ನೂ ಜೊತೆಯಾಗಿ 0 ಮತ್ತು 90ಕ್ಕೆ ತಿರುಗಿಸಿದರೆ ಇದರ ಉಲ್ಟಾ. ಎರಡೂ ಅಲೆ ಒಟ್ಟಿಗೆ ಬೇಕಿದ್ದರೆ ಗಾಜಿನ ಎರಡು ಬದಿಗೂ ಕ್ವಾರ್ಟರ್ ವೇವ್ ಹಾಳೆ (ಬೆಳಕಿನ ಕಂಪನವನ್ನು ವೃತ್ತಾಕಾರ ಮಾಡುವ ಹಾಳೆ) ಹಾಕಿ. ಒಂದು ವಿಷಯ ನೆನಪಿರಲಿ: ಎಳೆತವೂ ಒತ್ತೂ ಎರಡೂ ಬೆಳಕಾಗೇ ಕಾಣುವುದರಿಂದ ಪಟ್ಟಿಗಳ ನಡುವಿನ ಅಂತರ ಅಲೆಯ ಉದ್ದದ ಅರ್ಧ, ಪೂರ್ತಿ ಅಲ್ಲ. ಪಲ್ಸ್ ಇಲ್ಲದ ಚಿತ್ರವನ್ನೂ ತೆಗೆದು ಕಳೆದರೆ ಗಾಜಿನ ಹಳೇ ಒತ್ತಡದ ಕಲೆ ಹೋಗುತ್ತದೆ.

ಎಲ್ಲ ಕೂಡಿಬಂದ ಮೇಲೆ ಗಾಜಿಗೆ ಆರಪಾರ ಒಂದು ಸಣ್ಣ ತೂತು ಕೊರೆಸಿ, ಡಿಲೇಯನ್ನು ಅರ್ಧ ಮೈಕ್ರೊಸೆಕೆಂಡಿನಂತೆ ಏರಿಸುತ್ತಾ ಹೋಗಿ. ಅಲೆ ಬಡಿದಾಗ ತೂತಿನ ಸುತ್ತ ಎರಡು ಉಂಗುರ ಹೊರಡುತ್ತವೆ, ಮುಂದಿನದು ಲಾಂಗಿಟ್ಯೂಡಿನಲ್, ಹಿಂದೆ ಬರುವುದು ಶಿಯರ್. ವೆಲ್ಡ್ ಸ್ಕ್ರೀನಿನಲ್ಲಿ ಕೆಲವೊಮ್ಮೆ ತಡವಾಗಿ ಏಳುವ ಗೆರೆ ಎಲ್ಲಿಂದ ಬಂತು ಅಂತ ಪ್ರಾಜೆಕ್ಟ್ ಮಾಡುವ ಹುಡುಗರನ್ನು ಕೇಳಬೇಕಾದ್ದು ಆಗಲೇ.